ಇಳಕಲ್ ಸೆರಗಿನ ಕೆಂಪು

12-6-2005, ಭಾನುವಾರ, ಬೆಳಿಗ್ಗೆ 6.40.

ಕುಷಾಯಿಗೂಡದ ನಮ್ಮ ನೆರೆಯವರು ಕಾರ್ಖಾನೆಯಲ್ಲಿ ಟೀವಿ ಪರದೆ ಪರೀಕ್ಷಿಸುತ್ತಿದ್ದರು, ನಿಂತಲ್ಲಿ ನಿಲ್ಲುವವರಲ್ಲ. ನಮ್ಮ ಹಳೆಯ ಕಂಪ್ಯೂಟರ್ ಪರದೆಯಲ್ಲಿ ಕೆಂಪು ತಪ್ಪಾಗಿ ಕಂಡು ಅಕ್ಕ ಸೀರೆ ವಿನ್ಯಾಸದ ಕೆಲಸವೊಂದನ್ನು ಕಳೆದುಕೊಂಡಾಗ, ಹೊಸ ಕಂಪ್ಯೂಟರ್ ಆರಿಸಲು ನಮ್ಮೊಡನೆ ಹಿಮಾಯತ್‌ನಗರದ ಅಂಗಡಿಗೆ ಬಂದರು. ತೀರಿಹೋದ ಹೆಂಡತಿಯ ಇಳಕಲ್ ಸೆರಗಿನ ತುಂಡನ್ನೂ ಅದರ ಚಿತ್ರವಿದ್ದ ಸಿ.ಡಿ.ಯನ್ನೂ ತಂದಿದ್ದರು. ತುಂಡು ಹಿಡಿದು, ಆ ಚಿತ್ರ ಹಾಕಿಸಿದ ಎರಡು ಪರದೆಗಳ ನಡುವೆ ಹನ್ನೊಂದು ಸಲ ಓಡಾಡಿದರು.

"ಇದು ಭಾಳ ತುಟ್ಟಿ ಆತಲ್ರೀ," ಎಂದರು ಅಪ್ಪ.

"ಮೊದಲ ಕಣ್ಣ ಕೇಳ್ರಿ, ಆಮ್ಯಾಲ ಕಿಸೆ." ಇದು ನೆರೆಯವರ ಎಂದಿನ ಮಾತು. ತುಟ್ಟಿಯ ಪರದೆಯ ಮುಂದೆ ಮಾತ್ರ ಅಲುಗಾಡದೆ ನಿಂತರು. "ಆಕಿ ಕೆಂಪು ಇದ ನೋಡ್ರಿ."

ಅದನ್ನೇ ಕೊಂಡೆವು. ಡಬ್ಬಿಗೆ ತುಂಬಿದವರೂ ಅವರೇ. ಮನೆಗೆ ಬಂದರೆ ತುಂಡು ಇಲ್ಲ. ಮೂರು ಸಲ ಬಂದು ಕೇಳಿದರು. ಆಮೇಲೆ ವರ್ಗವಾಗಿ ಹೋದರು.

ಇವತ್ತು ಆ ಡಬ್ಬಿಯ ಥರ್ಮಕೋಲಿನಡಿ ತುಂಡು ಸಿಕ್ಕಿತು. ಅವರೆಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ಬರೆಯಿರಿ. ಕೆಂಪು ಮಾಸಿಲ್ಲವೆಂದು ಅವರಿಗೂ ಹೇಳಿ.