ಅಕ್ಕೋರ ಎರಡನೇ ಪೇಪರು

ನಮ್ಮ ಅಕ್ಕೋರ ಬಲಗೈಯ ಮೂರು ಬೆರಳು ಸದಾ ನೀಲಿ. ಪ್ರಶ್ನೆಪತ್ರಿಕೆಯ ನಕಲು ತೆಗೆಯುವ ಕಾರ್ಬನ್ ಕಾಗದದ ಬಣ್ಣ ಅದು. ಬೆವರು ಒರೆಸಿಕೊಂಡಾಗ ಹಣೆಗೂ ಹತ್ತಿ, ಕುಂಕುಮದ ಪಕ್ಕದಲ್ಲಿ ಒಂದು ನೀಲಿ ಗೆರೆ ನಿಂತಿರುತ್ತಿತ್ತು. ಪುಣೆಯ ಆ ಮರಾಠಿ ಶಾಲೆಗೆಲ್ಲ ಇಂಗ್ಲಿಷ್ ಕಲಿಸುವ ಅವರು ‘ಬಾಯಿ’, ಮರಾಠಿಯಲ್ಲಿ ಟೀಚರಮ್ಮ. ಅವರೂ ನಮ್ಮ ಹಾಗೆ ಸೋಲಾಪುರದ ಕಡೆಯ ಕನ್ನಡದವರಾದ್ದರಿಂದ ನನಗೂ ನನ್ನ ತರಗತಿಯ ಶರಣಮ್ಮನಿಗೂ ಮಾತ್ರ ಅಕ್ಕೋರು.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ, ಶರಣಮ್ಮನ ಅಪ್ಪ-ಅವ್ವ ಕಟ್ಟಡದ ಕೆಲಸದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಐದನೇ ತರಗತಿಯಲ್ಲಿ ಇಂಗ್ಲಿಷ್ ಬಂದು ತಲೆಯ ಮೇಲೆ ಕೂತಿತು. ಉಳಿದವರಿಗೆ ಪಾಠ ಓದಿ ಉತ್ತರ ಬರೆಯುವ ಪೇಪರಾದರೆ, ನಮ್ಮಿಬ್ಬರಿಗೆ ಅಕ್ಕೋರು ಬೇರೆಯದನ್ನೇ ಕೈಯಾರೆ ಬರೆದು ತರುತ್ತಿದ್ದರು: ನಲ್ಲಿ, ಕೊಡ, ತಕ್ಕಡಿಯ ಚಿತ್ರಗಳು, ಆರಿಸಿಕೊಳ್ಳಲು ಪಕ್ಕದಲ್ಲೇ ಶಬ್ದಗಳು. ಮಿಕ್ಕದ್ದನ್ನು ಮೇಜಿನ ಬಳಿ ನಿಲ್ಲಿಸಿ ಕೇಳುತ್ತಿದ್ದರು.

“ಬಾಯಾಗ ಬಂದದ್ದು ಕೈಯಾಗ ಇಳಿಯಾಕ ವರ್ಷ ಹಿಡೀತದ. ಅಲ್ಲೀತನಕ ಬಾಯಾಗಿಂದನ್ನ ಕೇಳ್ತೀನಿ” ಎನ್ನುತ್ತಿದ್ದರು.

ಶರಣಮ್ಮ ಪಟಪಟ ಹೇಳುತ್ತಿದ್ದಳು. ಬರೆ ಎಂದರೆ ಕೈ ಏಳುತ್ತಿರಲಿಲ್ಲ. ಫೇಲಾದರೆ ಇಟ್ಟಿಗೆ ಹೊರಲು ಬಾ ಎಂದು ಅವಳಪ್ಪ ಹೇಳಿಟ್ಟಿದ್ದ. ನನಗೆ ಅಷ್ಟರಲ್ಲಿ ಬರೆಯಲು ಬರುತ್ತಿತ್ತು, ಜೊತೆಗೆ ಜಂಬವೂ ಬಂದಿತ್ತು. ನಮ್ಮದನ್ನು ‘ಬಾಲವಾಡಿ ಪೇಪರ್’ ಎಂದು ತರಗತಿಯವರು ನಕ್ಕರೆ ಮೈಯೆಲ್ಲ ಉರಿಯುತ್ತಿತ್ತು.

ವಾರ್ಷಿಕ ಪರೀಕ್ಷೆಯ ದಿನ ಅಕ್ಕೋರಿಗೆ ಜ್ವರ. ಶಾಲೆಯ ದಾರಿಯಲ್ಲೇ ಅವರ ಮನೆ. ಕಿಟಕಿಯಿಂದ ನನ್ನನ್ನು ಕರೆದು ಪಾಕೀಟು ಕೊಟ್ಟರು.

“ನಿಮ್ಮಿಬ್ಬರ ಪೇಪರ್ ಅದ. ಪರೀಕ್ಷಾ ತಗೊಳ್ಳೋ ಸರ್ ಕೈಯಾಗ ಕೊಡವಾ, ಮರೀಬ್ಯಾಡ.”

ಮರೆಯಲಿಲ್ಲ. ಎಲ್ಲರಂತೆ ದೊಡ್ಡ ಪೇಪರು ಬರೆಯುವ ಆಸೆಗೆ ಅದನ್ನು ಚೀಲದಿಂದ ತೆಗೆಯಲೇ ಇಲ್ಲ. ಶರಣಮ್ಮ ತನ್ನ ಹೆಸರು ಬರೆದು ಸುಮ್ಮನೆ ಕೂತಳು. ಆಮೇಲೆ ನನ್ನತ್ತ ವಾಲಿ ಕೇಳಿದಳು, “ಅಕ್ಕೋರು ಮರತ್ರೇನ?”

“ಮರತಿರಬೇಕು” ಎಂದೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಅವಳ ಜಾಗ ಖಾಲಿ; ಫೇಲಾದವಳನ್ನು ಅಪ್ಪ ಇಟ್ಟಿಗೆ ಹೊರಲು ಕರೆದೊಯ್ದಿದ್ದ. ಅಕ್ಕೋರು ಕಟ್ಟಡದ ತನಕ ಹೋಗಿ ಅವಳಪ್ಪನಿಗೆ ಕೈಮುಗಿದು ಬರಿಗೈಲಿ ಬಂದರಂತೆ. ನನ್ನನ್ನು ಒಂದೇ ಮಾತು ಕೇಳಿದರು: “ಪಾಕೀಟ ಕೊಟ್ಟಿದ್ದಿ ಅಲ್ಲಾ?” ಹೌದೆಂದು ತಲೆಯಾಡಿಸಿದೆ. ನೀಲಿ ಬೆರಳಿಂದ ನನ್ನ ಜಡೆ ಸರಿಮಾಡಿ, “ಹೂಂ, ಹೋಗು” ಎಂದರು. ಆ ವರ್ಷದಿಂದ ಇಡೀ ತರಗತಿಗೆ ಚಿತ್ರವಿರುವ ಪೇಪರು, ಎಲ್ಲರೂ ಮೇಜಿನ ಬಳಿ ಬಂದು ಬಾಯಲ್ಲಿ ಉತ್ತರಿಸಬೇಕು. ಬಾಲವಾಡಿ ಎನ್ನುವವರೇ ಇಲ್ಲವಾದರು. ಅಕ್ಕೋರಿಗೆ ಎಲ್ಲವೂ ಗೊತ್ತಿತ್ತು, ತಪ್ಪನ್ನು ನನ್ನಲ್ಲಿ ಹುಡುಕದೆ ನಮ್ಮಿಬ್ಬರನ್ನು ಬೇರೆ ಮಾಡಿದ ತಮ್ಮ ಪೇಪರಿನಲ್ಲಿ ಹುಡುಕಿಕೊಂಡರು ಎಂದು ತಿಳಿದದ್ದು ನಾನೂ ಇಂಗ್ಲಿಷ್ ಕಲಿಸತೊಡಗಿದ ಮೇಲೆ.

ಹೇಳಿಬಿಡಬೇಕೆಂದು ಎಷ್ಟೋ ಸಲ ಅವರ ಮನೆಗೆ ಹೋದೆ, ಚಹಾ ಕುಡಿದು ಬಂದೆ. ಕೊನೆಗೆ ಹೋದಾಗ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಬೆರಳುಗಳಲ್ಲಿ ನೀಲಿ ಇರಲಿಲ್ಲ.

ಈಗಲೂ ಪರೀಕ್ಷೆಯ ದಿನ ಪೇಪರುಗಳನ್ನು ನಾನೇ ಕೈಯಾರೆ ಹಂಚುತ್ತೇನೆ, ಯಾರ ಕೈಗೂ ಕೊಡುವುದಿಲ್ಲ. ಹಂಚಿ ಮುಗಿದು ಕೋಣೆ ನಿಶ್ಶಬ್ದವಾದಾಗ ಅದೇ ಪ್ರಶ್ನೆ ಕೇಳಿಸುತ್ತದೆ. ಇಲ್ಲ ಶರಣಮ್ಮ, ಅಕ್ಕೋರು ಮರೆತಿರಲಿಲ್ಲ. ನಾನು ಕೊಡಲಿಲ್ಲ.