ನಮ್ಮ ನೆಲ, ಶಾರದಕ್ಕನ ಹಣ್ಣು

ಇಶಾಡು ಮಾವಿನ ಹಣ್ಣನ್ನು ಹೋಳು ಮಾಡಿ, ತಟ್ಟೆಯಲ್ಲಿಟ್ಟು, ಚಮಚದಿಂದ ತಿನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅದನ್ನು ಅಂಗೈಯಲ್ಲಿ ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ರಸ ಮೊಣಕೈವರೆಗೆ ಇಳಿಯುವಂತೆ ಚೀಪಬೇಕು, ಗೆಳೆಯರೆ. ನಾಗರಿಕತೆಯನ್ನು ಕೈ ತೊಳೆದ ಮೇಲೆ ನೆನಪು ಮಾಡಿಕೊಂಡರಾಯಿತು.

ಕಾರವಾರಕ್ಕೂ ಅಂಕೋಲೆಗೂ ನಡುವಿನ ನಮ್ಮೂರಿನಲ್ಲಿ, ನಮ್ಮ ಹಿತ್ತಲ ಮೂಲೆಗೆ ಅಂಥದೊಂದು ಮರವಿತ್ತು. ನೆಲ ನಮ್ಮದು, ಹಣ್ಣು ಪಕ್ಕದ ಮನೆಯ ಶಾರದಕ್ಕನದು. ಆಕೆಯ ಅತ್ತೆ ನೆಟ್ಟ ಮರವಂತೆ. ಮುಂದೆಂದೋ ಹಿರಿಯರು ಜಾಗ ಹಂಚಿಕೊಂಡಾಗ ಬುಡ ನಮ್ಮ ಪಾಲಿಗೆ ಬಂತು, ಹಣ್ಣು ಮಾತ್ರ ಆ ಮನೆಯಲ್ಲೇ ಉಳಿಯಿತು. ಇದು ಯಾವ ಕಾಗದದಲ್ಲೂ ಇರಲಿಲ್ಲ, ಇಡೀ ಕೇರಿಗೆ ಗೊತ್ತಿತ್ತು. ಬೇಸಿಗೆ ಬಂತೆಂದರೆ ಶಾರದಕ್ಕ ನಮ್ಮ ಹಿತ್ತಲಿಗೆ ಬಂದು, ಮರ ಬರಿದು ಮಾಡಿ, ನಮ್ಮದೇ ನೆಲದ ಹಣ್ಣನ್ನು ಒಂದು ಬುಟ್ಟಿ ತುಂಬಿ ನಮ್ಮ ಜಗಲಿಗೆ ತಂದಿಟ್ಟು ದೊಡ್ಡಸ್ತಿಕೆಯಿಂದ ನಗುವಳು. ಅಮ್ಮ ಆ ಬುಟ್ಟಿಯನ್ನು ಖಾಲಿ ಕಳಿಸದೆ ಅವಲಕ್ಕಿ ತುಂಬಿ ಕೊಡುವಳು.

ಹೊಸ ಶತಮಾನದ ಹೊಸತರಲ್ಲಿ ನೌಕಾನೆಲೆಗೆಂದು ನಮ್ಮ ಜಾಗವೆಲ್ಲ ಸರಕಾರದ ವಶವಾಯಿತು. ಪರಿಹಾರ ಸಾಲದೆಂದರೆ ಕೋರ್ಟಿಗೆ ಹೋಗುವ ಹಕ್ಕು ಭೂಮಾಲೀಕನಿಗಿದೆ, ಆದರೆ ಹಣ ಪಡೆಯುವಾಗಲೇ ಆಕ್ಷೇಪವಿದೆಯೆಂದು ಬರೆದು ಸಹಿ ಹಾಕಬೇಕು ಎಂದು ವಕೀಲರು ಹೇಳಿಕೊಟ್ಟರು. ಅಪ್ಪ ಹಾಗೆಯೇ ಬರೆದ. ನೆಲ ಹೋದ ಮೇಲೂ ನೆಲದ ಒಡೆಯನಿಗೆ ಇಷ್ಟಾದರೂ ಹಕ್ಕು ಉಳಿಯಿತಲ್ಲ ಎಂದು ನನಗೆ ಸಮಾಧಾನ. ಆದರೆ ಬರೀ ಹಣ್ಣಿನ ಒಡತಿಗೆ ಏನುಳಿಯಿತು ಎಂದು ಅಪ್ಪ ಕೇಳಿದಾಗ ವಕೀಲರು ಕನ್ನಡಕ ಒರೆಸಿಕೊಂಡರು.

"ಅಂಥ ಹಕ್ಕು ದಾಖಲೆಯಲ್ಲಿ ಇಲ್ಲ ಮಾರಾಯ್ರೆ."

ಮರದ ಪರಿಹಾರವನ್ನು ಅಪ್ಪ ಶಾರದಕ್ಕನಿಗೇ ಕೊಡಹೋದ. "ಮರ ನಿಂದು. ನಾ ಎಂತಕ್ಕೆ ತಕಂಬುದು ತಮ್ಮಾ?" ಎಂದು ಆಕೆ ಬಾಗಿಲಲ್ಲೇ ತಿರುಗಿಸಿ ಕಳಿಸಿದಳು.

ಕೆಲವು ವರ್ಷಗಳ ಮೇಲೆ ಕಾರವಾರದಲ್ಲಿ ವಿಚಾರಣೆಗೆ ಕರೆ ಬಂತು. ಅಷ್ಟರಲ್ಲಿ ಎರಡೂ ಮನೆಯವರು ಹಟ್ಟಿಕೇರಿಯ ಪುನರ್ವಸತಿ ಕಾಲೊನಿಗೆ ಬಂದು ನೆಲೆಸಿದ್ದರು. ಯಾರೂ ಕರೆಯದಿದ್ದರೂ ಶಾರದಕ್ಕ ಮದುವೆ ಮನೆಗೆ ಉಡುವ ಸೀರೆ ಉಟ್ಟು ನಮ್ಮ ಜೊತೆ ಹೊರಟಳು. ಹಣ್ಣಿನ ಮರದ ಬೆಲೆ ಫಸಲಿನ ಮೇಲೆ ನಿಲ್ಲುತ್ತದೆ, ಹಾಗಾಗಿ ಸರಕಾರಿ ವಕೀಲರು, "ಈ ಮಾವಿನ ಮರದಿಂದ ನಿಮಗೆ ವರ್ಷಕ್ಕೆ ಎಷ್ಟು ಹಣ್ಣು ಸಿಗ್ತಿತ್ತು?" ಎಂದು ಕೇಳಿದರು. ಸತ್ಯವನ್ನೇ ಹೇಳುತ್ತೇನೆಂದು ಆಗಷ್ಟೇ ಪ್ರಮಾಣ ಮಾಡಿದ್ದ ಅಪ್ಪ ಹೇಳಿದ:

"ನಮ್ಗಾ? ವರ್ಷಕ್ಕೆ ಒಂದು ಬುಟ್ಟಿ."

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಹಿಂದೆಯೇ ಹೆಮ್ಮೆಯೂ ಬಂತು. ಕಾನೂನನ್ನು ದೂರುವುದು ಸುಲಭ. ವಸ್ತು ಯಾರದೆಂದು ಅದು ಕೇಳಲೇಬೇಕು. ಯಾರು ಯಾರಿಗೆ ಏನು ಕೊಟ್ಟರೆಂಬುದನ್ನು ನೆನಪಿಡುವ ಕೆಲಸವನ್ನು ನಮ್ಮ ಕೇರಿ ವಹಿಸಿಕೊಂಡಿತ್ತು, ಮತ್ತು ಆ ಕೇರಿಯೇ ಈಗ ಇರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಶಾರದಕ್ಕ ಮುಖ ಊದಿಸಿಕೊಂಡು ಕೂತಿದ್ದಳು. ನಮಗೆ ಸಿಗಬೇಕಾದದ್ದು ಕೈತಪ್ಪಿತೆಂದು ನೊಂದಿದ್ದಾಳೆ ಅಂದುಕೊಂಡೆ. ಅಮದಳ್ಳಿ ದಾಟಿದ ಮೇಲೆ ಅಪ್ಪನ ಕಡೆ ತಿರುಗಿ, ನನ್ನತ್ತ ಕೈ ತೋರಿಸಿದಳು.

"ಒಂದೇ ಬುಟ್ಟಿ ಅಂದ್ಯಲ್ಲ ತಮ್ಮಾ. ಈ ಹುಡುಗಿ ಮದ್ವೆ ವರ್ಷ ನಾ ಎರಡು ಕೊಟ್ಟಿದ್ದೆ. ಮರ್ತೇ ಹೋಯ್ತಾ?"

ಅಪ್ಪ ತಲೆ ತಗ್ಗಿಸಿದ. "ಹೌದು ಶಾರದಕ್ಕ. ಮರ್ತೇಬಿಟ್ಟೆ."

"ನನ್ನ ಕೇಳಿದ್ರೆ ನಾ ಹೇಳ್ತಿದ್ದೆ," ಎಂದು ಆಕೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಬೆಳಿಗ್ಗಿಂದ ಅಲ್ಲೇ ಕೂತಿದ್ದೆ. ಯಾರೂ ಕೇಳ್ಲೇ ಇಲ್ಲ."