ಪುಟಾಣಿ ಹಿಟ್ಟಿನ ಡಬ್ಬಿ

ಇಮಾಮ್, ನಾನು ನಿನಗೆ ಸುಳ್ಳು ಹೇಳಿದೆ. ನನ್ನ ಅಂಗಡಿಯ ಮಂಡಕ್ಕಿ ಒಗ್ಗರಣೆಯಲ್ಲಿ ಟೇಸ್ಟಿಂಗ್ ಪೌಡರ್ ಇತ್ತು — ಇಲ್ಲವೆಂದು ನಂಬಿ ನೀನು ತಿಂದ ಪ್ರತಿ ತಟ್ಟೆಯಲ್ಲೂ.

ನನ್ನ ಸ್ವಭಾವ ನಿನಗೆ ಗೊತ್ತು. ಸಿಲಿಂಡರ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವನು. ಎರಡು ಸೀನು ಬಂದರೆ ಆಸ್ತಿ ಹಂಚಿಕೆಯ ತನಕ ಯೋಚಿಸುವವನು. ಹೆದರಲೇಬೇಕಾದ ಕಡೆ ಮಾತ್ರ ಹೆದರಲಿಲ್ಲ.

ನಿನ್ನ ಎಡಗಿವಿಯಲ್ಲಿ ಸಿಳ್ಳೆ ಶುರುವಾಗಿ, ನಿಂತಲ್ಲೇ ನೆಲ ಗರಗರ ತಿರುಗತೊಡಗಿದಾಗ ಹೊಸಪೇಟೆಯ ಕಿವಿ ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದರು. ಪೌಡರ್ ಬಿದ್ದ ತಿಂಡಿ ತಿಂದರೆ ತಲೆ ಸಿಡಿದು ಕಿವಿ ಕಟ್ಟುತ್ತದೆ ಎಂದು ನೀನು ಹೇಳಿದ್ದಕ್ಕೆ, ಅದನ್ನೂ ಬಿಡು ಎಂದರಂತೆ. ಹಗರಿಬೊಮ್ಮನಹಳ್ಳಿಯ ತಗಡಿನ ಶೆಡ್ಡುಗಳ ಮೇಲೆ ಹತ್ತಿ ವೆಲ್ಡಿಂಗ್ ಮಾಡುವವನಿಗೆ ತಲೆ ತಿರುಗುವುದೆಂದರೆ —

ಅವತ್ತು ಬೆಂಚಿನ ತುಂಬ ಗಿರಾಕಿಗಳು. ಅವರ ಮುಂದೆಯೇ ನೀನು ಕೇಳಿದೆ: “ಲೇ ಕೊಟ್ರೇಶಿ, ಪೌಡರ್ ಹಾಕ್ತಿಯೇನು? ಖರೇ ಹೇಳು.”

“ನಿನ್ನಾಣಿ ಇಲ್ಲಲೇ. ಬಾ, ಕಣ್ಣಮುಂದ ಮಾಡ್ತೀನಿ, ನೋಡು.”

“ಆಣಿ ನಂದ್ಯಾಕಲೇ? ನಿಂದು ಇಟ್ಕೋ.”

ಎಲ್ಲರೂ ನಕ್ಕರು. ನೀನು ಒಲೆಯ ಪಕ್ಕ ನಿಂತು ನೋಡಿದೆ. ನೆನೆಸಿ ಹಿಂಡಿದ ಮಂಡಕ್ಕಿ, ಈರುಳ್ಳಿ, ಹಸಿಮೆಣಸಿನಕಾಯಿ, ಕೊನೆಗೆ ಒಂದು ಹಿಡಿ ಪುಟಾಣಿ ಹಿಟ್ಟು. ಉಪ್ಪನ್ನೂ ಮುಟ್ಟಲಿಲ್ಲ ನಾನು. ನಿನಗೆ ಸಮಾಧಾನವಾಯಿತು. ಆದರೆ ಹುರಿಗಡಲೆ ಬೀಸಿಸಿ ತಂದ ದಿನವೇ ಉಪ್ಪು, ಪೌಡರ್ ಎರಡನ್ನೂ ಆ ಹಿಟ್ಟಿನಲ್ಲಿ ಕಲಸಿ ಡಬ್ಬಿಗೆ ತುಂಬುವುದು ನನ್ನ ಪದ್ಧತಿ. ಗದ್ದಲದ ಹೊತ್ತಿನಲ್ಲಿ ರುಚಿ ಹೆಚ್ಚುಕಡಿಮೆ ಆಗಬಾರದಲ್ಲ.

ಮರುದಿನ ನಿನಗೊಂದು ಬೇರೆ ಡಬ್ಬಿ ಇಡಬಹುದಿತ್ತು. ಇಟ್ಟರೆ ಯಾಕೆಂದು ಕೇಳುತ್ತೀಯಲ್ಲ — ಅದೊಂದು ಚಿಂತೆ.

ನಿನಗೆ ಮತ್ತೆ ಮತ್ತೆ ತಲೆ ತಿರುಗಿತು. ನೀನು ಅನುಮಾನಪಟ್ಟಿದ್ದು ಹೆಂಡತಿಯ ಮೇಲೆ. ಹಸೀನಾ ಕದ್ದು ಉಪ್ಪು ಹಾಕುತ್ತಾಳೆಂದು ಮನೆಯ ಊಟ ಬಿಟ್ಟು ನನ್ನಲ್ಲಿಗೇ ಬರತೊಡಗಿದೆ. ನಾನು ಕೊಡುತ್ತಲೇ ಹೋದೆ.

ಒಂದು ಸಂಜೆ ಆಕೆ ಅಂಗಡಿಗೆ ಬಂದಳು. “ಕೊಟ್ರೇಶಣ್ಣಾ, ನೀವರ ಹೇಳ್ರಿ ಅವ್ರಿಗೆ. ಸಪ್ಪನ್ ಸಾರು ಮಾಡಿ ಮಾಡಿ ಹುಡುಗ್ರೂ ಉಣ್ಣವಲ್ವು. ಅಷ್ಟಾದ್ರೂ ನನ್ನ ಕಳ್ಳಿ ಅಂತಾರ.”

ಡಬ್ಬಿ ನನ್ನ ಮೊಣಕೈ ಹತ್ತಿರವೇ ಇತ್ತು. “ಹೇಳ್ತೀನಿ ತಂಗಿ” ಎಂದೆ. ಮಕ್ಕಳಿಗೆಂದು ಮಿರ್ಚಿ ಭಜಿ ಕಟ್ಟಿಕೊಟ್ಟೆ — ದೊಡ್ಡ ಮನಸ್ಸು ನನ್ನದು. ನಿನಗೆ ಏನೂ ಹೇಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನನ್ನಲ್ಲಿ ತಿಂದು ಹೋದವನು ನೀನು ಶೆಡ್ಡಿನ ಮೇಲಿಂದ ಬಿದ್ದೆ. ಆ ಸಂಜೆಯೇ ನಾನು ಹಿಟ್ಟನ್ನೆಲ್ಲ ಚರಂಡಿಗೆ ಸುರಿದೆ. ಬಾಯಿ ಮಾತ್ರ ಬಿಡಲಿಲ್ಲ. ನಿನ್ನ ಮುರಿದ ಸೊಂಟ ಹೇಗೋ ಕೂಡಿತು. ಕಾಯಿಲೆ ಬೆಳೆದು ಎಡಗಿವಿ ಪೂರ್ತಿ ಹೋಯಿತು. ಉಪ್ಪು-ಪೌಡರಿನಿಂದಲೇ ಹೀಗಾಯಿತೆಂದು ಹೇಳಲಾಗದು ಎಂದರಂತೆ ಡಾಕ್ಟರು. ಆ ಮಾತಿನ ಹಿಂದೆ ಇಷ್ಟು ವರ್ಷ ಅಡಗಿ ಕೂತೆ. ಸಾರಿನ ಮೊದಲ ಚಮಚ ಬಾಯಿಗಿಟ್ಟು ನೀನು ಇವತ್ತಿಗೂ ಹಸೀನಾಳ ಮುಖ ನೋಡುತ್ತೀಯಂತೆ. ನೀನೇ ಹೇಳಿದ್ದು, ನಗುತ್ತ.

ಒಮ್ಮೆ ನಿನಗೆ ಎಲ್ಲವನ್ನೂ ಹೇಳಿದ್ದೇನೆ — ಎಡಗಡೆ ಕೂತು. “ಏನಂದಿ?” ಎಂದು ನೀನು ಇತ್ತ ತಿರುಗಿದೆ.

“ಏನಿಲ್ಲ, ಚಾ ಹೇಳ್ಲೇನು ಅಂದೆ.”

ಇವತ್ತು ಮನೆಗೆ ಬರುತ್ತೇನೆ, ಇಮಾಮ್. ಹಸೀನಾಳನ್ನೂ ಒಳಗಿನಿಂದ ಕರೆ. ಈ ಸಲ ನಿನ್ನ ಬಲಗಡೆ ಕೂರುತ್ತೇನೆ.